ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ...

(ಕುಂದಲಹಳ್ಳಿಯಲ್ಲಿ ಹಿರಿಯರು ಸೇರಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದ ವರದಿಗಾರ್ತಿ. ನಿಮ್ಮ ಮುಂದೆ ಹಲ್ಲಿನ ವಿಚಾರ ಮಾತನಾಡಲು ನನಗಿರುವ ಅರ್ಹತೆ ಎರಡೇ. ಒಂದು, ನಾನು ಈ ಊರಿನ ಮೊಮ್ಮಗಳು. ಇನ್ನೊಂದು, ನನ್ನ ಬಾಯಲ್ಲಿ ಇನ್ನೂ ಎಲ್ಲ ಹಲ್ಲೂ ಇವೆ. ಎರಡನೆಯದು ನನ್ನ ಹೆಚ್ಚುಗಾರಿಕೆಯೇನಲ್ಲ, ವಯಸ್ಸು ಅಷ್ಟೇ ಎಂದು ನೀವು ನಗಬಹುದು. ಆ ನಗುವಿನ ಹಿಂದಿರುವ ನಂಬಿಕೆಯನ್ನೇ ಇವತ್ತು ಸ್ವಲ್ಪ ಕೆದಕಬೇಕೆಂದು ಬಂದಿದ್ದೇನೆ.

ನಮ್ಮಲ್ಲಿ ಒಂದು ಗಾದೆಯುಂಟು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಈ ಗಾದೆ ಕುಂದಲಹಳ್ಳಿಗೆ ಒಪ್ಪುವಷ್ಟು ಬೇರೆ ಯಾವ ಊರಿಗೂ ಒಪ್ಪಲಾರದೇನೋ. ನಿಮ್ಮ ಪ್ರಾಯದಲ್ಲಿ ಇಲ್ಲಿ ಮಳೆ ನಂಬಿದ ಹೊಲ, ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಕೈಯಲ್ಲಿ ಕಾಸು ಕಡಿಮೆ, ಬಾಯಲ್ಲಿ ಹಲ್ಲು ಗಟ್ಟಿ. ಈಗ ಹೊಲದ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದಿವೆ. ಪೇಟೆಯಲ್ಲಿ ಬಾದಾಮಿ, ಗೋಡಂಬಿ, ವರ್ಷವಿಡೀ ಕಬ್ಬು, ಜೋಳ ಸಿಗುತ್ತವೆ. ತಿನ್ನಲು ಮಾತ್ರ ಹಲ್ಲಿಲ್ಲ.

ಒಂದು ಸಂಕ್ರಾಂತಿಯ ಸಮಯ ನಮ್ಮಜ್ಜಿ ಪಡಸಾಲೆಯಲ್ಲಿ ಕೂತು ಮೊರದ ತುಂಬ ಸೊಗಡಿನ ಅವರೆಕಾಯಿ ಬಿಡಿಸಿಕೊಟ್ಟರು. ರಾತ್ರಿ ಮನೆಮಂದಿಯೆಲ್ಲ ಅವರೆಕಾಳಿನ ಸಾರಿಗೆ ಮುದ್ದೆ ಮುರಿದರು. ಅಜ್ಜಿಯ ತಟ್ಟೆ ನೋಡಿದೆ. ಕಾಳೆಲ್ಲ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ಮುದ್ದೆಯನ್ನು ಬರೀ ರಸದಲ್ಲಿ ಅದ್ದಿ ನುಂಗುತ್ತಿದ್ದರು. ಯಾಕಜ್ಜಿ ಎಂದೆ. "ಏನ್ ಮಾಡಾದು ಮಗಾ, ವಯಸ್ಸಾಯ್ತು, ಹಲ್ಲು ಹೋಯ್ತು" ಎಂದರು.

ಆಮೇಲೆ ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ವಯಸ್ಸಾಯ್ತು ಎನ್ನುವುದು ನಿಜ. ಹಲ್ಲು ಹೋಯ್ತು ಎನ್ನುವುದೂ ನಿಜ. ಆದರೆ ಮೊದಲನೆಯದರಿಂದಲೇ ಎರಡನೆಯದು ಆಯಿತು ಎನ್ನುವುದು ನಿಜವೇ?

ವಯಸ್ಸಿನ ತಲೆಗೆ ಕಟ್ಟಿದ ರೋಗ

ಹಲ್ಲು ಬೀಳುವುದಕ್ಕೆ ವೈದ್ಯಶಾಸ್ತ್ರ ಹೇಳುವ ಕಾರಣಗಳು ಮುಖ್ಯವಾಗಿ ಎರಡು. ಹುಳುಕು ಮತ್ತು ವಸಡಿನ ರೋಗ. ಹುಳುಕು ಎಂದರೆ ಹುಳ ಕೊರೆಯುವುದಲ್ಲ. ಬಾಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ, ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ವಸಡಿನ ರೋಗ ಇನ್ನೂ ಕಳ್ಳ. ಹಲ್ಲಿನ ಬುಡದಲ್ಲಿ ಕೂತ ಪಾಚಿ ದಿನ ಕಳೆದಂತೆ ಗಾರೆಯಂತೆ ಗಟ್ಟಿಯಾಗುತ್ತದೆ. ವಸಡು ಕೆಂಪಾಗಿ ಊದುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಒಳಗೆ ಹಲ್ಲನ್ನು ಹಿಡಿದಿರುವ ದವಡೆಯ ಎಲುಬು ಮೆಲ್ಲಮೆಲ್ಲನೆ ಕರಗುತ್ತದೆ. ಕಡೆಗೆ ಒಂದು ದಿನ ಹುಳುಕೇ ಇಲ್ಲದ ಹಲ್ಲು ಅಲುಗಾಡಿ ಕೈಗೆ ಬರುತ್ತದೆ. ಈ ಕೆಲಸಕ್ಕೆ ಹತ್ತು, ಇಪ್ಪತ್ತು ವರ್ಷ ಹಿಡಿಯುವುದರಿಂದ ಅದು ಮುಗಿಯುವ ಹೊತ್ತಿಗೆ ಮನುಷ್ಯನಿಗೂ ವಯಸ್ಸಾಗಿರುತ್ತದೆ. ರೋಗ ಮಾಡಿದ ಕಳ್ಳತನದ ಆರೋಪ ವಯಸ್ಸಿನ ಮೇಲೆ ಬೀಳುತ್ತದೆ.

ಇದಕ್ಕೆ ಪುರಾವೆ ಬೇಕೆಂದರೆ ಜಪಾನಿನತ್ತ ನೋಡಬಹುದು. ಅಲ್ಲಿ 1989ರಲ್ಲಿ 'ಎಂಬತ್ತು-ಇಪ್ಪತ್ತು' ಎಂಬ ಆಂದೋಲನ ಶುರುವಾಯಿತು. ಎಂಬತ್ತು ವಯಸ್ಸಿನಲ್ಲಿ ಕನಿಷ್ಠ ಇಪ್ಪತ್ತು ಸ್ವಂತ ಹಲ್ಲು ಉಳಿದಿರಬೇಕು ಎಂಬುದು ಅದರ ಗುರಿ. ಇಪ್ಪತ್ತು ಹಲ್ಲಿದ್ದರೆ ಸಾಮಾನ್ಯವಾದ ಊಟವನ್ನೆಲ್ಲ ಜಗಿಯಬಹುದು. ಆಗ ಆ ವಯಸ್ಸಿನ ಹತ್ತು ಜನರಲ್ಲಿ ಒಬ್ಬರಿಗೂ ಅಷ್ಟು ಹಲ್ಲಿರಲಿಲ್ಲ. 2016ರ ಸಮೀಕ್ಷೆಯ ಹೊತ್ತಿಗೆ ಎಂಬತ್ತರ ಆಸುಪಾಸಿನವರಲ್ಲಿ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಇಪ್ಪತ್ತು ಹಲ್ಲುಗಳಿದ್ದವು. ಎಂಬತ್ತು ಎಂಬ ಸಂಖ್ಯೆ ಬದಲಾಗಿರಲಿಲ್ಲ. ಬದಲಾಗಿದ್ದು ಹಲ್ಲನ್ನು ನೋಡಿಕೊಳ್ಳುವ ರೀತಿ.

ವಯಸ್ಸಿನ ತಲೆಗೆ ಕಟ್ಟುವ ರೋಗ ಇದೊಂದೇ ಅಲ್ಲ. ನಮ್ಮೂರಿನ ಅನೇಕ ಅಜ್ಜಿಯರು ಕೋಲಾರದ ಕಡೆಯಿಂದ ಬಂದ ಸೊಸೆಯರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಇರಬಹುದು ಎಂಬುದು ಭಾರತೀಯ ಮಾನಕ. ಎಳವೆಯಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಗಳು ಉಳಿಯುತ್ತವೆ. ದಶಕಗಳ ಕಾಲ ಕುಡಿದರೆ ಬೆನ್ನು, ಕೀಲುಗಳು ಬಿಗಿಯುತ್ತವೆ. ಮನೆಯವರು ಅದನ್ನೂ 'ವಯಸ್ಸಿನ ಮಂಡಿನೋವು' ಎಂದು ಸುಮ್ಮನಾಗುತ್ತಾರೆ.

ಮಂಜಿನ ನಾಡಿನ ಮುದುಕಿಯರು

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಶಾಲೆಯ ಪುಸ್ತಕದಲ್ಲಿ ನಾವು 'ಎಸ್ಕಿಮೊ' ಎಂದು ಓದಿದ ಜನ ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಅಲಾಸ್ಕ, ಕೆನಡಾದ ಉತ್ತರ ಭಾಗ, ಗ್ರೀನ್‌ಲ್ಯಾಂಡ್ ಅವರ ನಾಡು. ಬೇಸಾಯಕ್ಕೆ ಮಣ್ಣೇ ಇಲ್ಲದ ಆ ಸೀಮೆಯಲ್ಲಿ ಅವರ ಊಟವೆಂದರೆ ಸೀಲ್, ತಿಮಿಂಗಿಲ, ಮೀನು, ಕ್ಯಾರಿಬೂ ಎಂಬ ಜಿಂಕೆಯ ಮಾಂಸ. ಸಕ್ಕರೆ, ಹಿಟ್ಟು ಕಾಣದ ಆ ಬಾಯಿಗಳಲ್ಲಿ ಹುಳುಕು ಅಪರೂಪವಾಗಿತ್ತು. 1920 ಮತ್ತು 30ರ ದಶಕಗಳಲ್ಲಿ ಅಲ್ಲಿಗೆ ಹೋದ ದಂತವೈದ್ಯರು ಇದನ್ನು ಕಂಡು ಬೆರಗಾಗಿ ಬರೆದಿದ್ದಾರೆ.

ಹಾಗೆಂದು ಅವರ ಹಲ್ಲುಗಳು ಹೊಸದರಂತೆ ಉಳಿದಿರಲಿಲ್ಲ. ಚರ್ಮದ ಬೂಟು ಹೊಲಿಯಲು ಹೆಂಗಸರು ಸೀಲ್ ಚರ್ಮವನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಬೇಕಿತ್ತು. ಮನೆಮಂದಿಯ ಪಾದ ಬೆಚ್ಚಗಿಡಲು ತಮ್ಮ ಹಲ್ಲನ್ನೇ ಸಾಧನವಾಗಿಸಿಕೊಂಡಿದ್ದ ಆ ಮುದುಕಿಯರ ಹಲ್ಲು ವಸಡಿನವರೆಗೂ ಸವೆದಿರುತ್ತಿದ್ದವು.

ಆಮೇಲೆ ವ್ಯಾಪಾರದ ಕೋಠಿಗಳು ಬಂದವು. ಹಿಟ್ಟು, ಸಕ್ಕರೆ, ಚಹಾ ಬಂತು. 1950 ಮತ್ತು 60ರ ದಶಕಗಳಲ್ಲಿ ಅಲೆಮಾರಿಗಳಾಗಿದ್ದ ಇನುಯಿಟರು ಒಂದೆಡೆ ನೆಲೆನಿಂತರು, ಅಂಗಡಿಯ ಆಹಾರ ದಿನದ ಊಟವಾಯಿತು. ಒಂದೇ ತಲೆಮಾರಿನಲ್ಲಿ ಹುಳುಕು ಊರೂರಿಗೆ ಹಬ್ಬಿತು. ಆಹಾರ ಬದಲಾದಷ್ಟು ಬೇಗ ವೈದ್ಯರು ಬರಲಿಲ್ಲ. 1999ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂದ ಕೆನಡಾದ ನುನಾವುಟ್ ಪ್ರಾಂತ್ಯದಲ್ಲಿ 25 ಊರುಗಳಿವೆ, ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಬಹುತೇಕ ಊರುಗಳಿಗೆ ದಂತವೈದ್ಯರು ವಿಮಾನದಲ್ಲಿ ಬಂದು ಕೆಲವು ದಿನ ಇದ್ದು ಹೋಗುತ್ತಾರೆ. ಹಿರಿಯರಿಗೆ ಬರುವುದು ಇನುಕ್ಟಿಟುಟ್ ಭಾಷೆ, ವೈದ್ಯರದು ಇಂಗ್ಲಿಷು. ನಡುವೆ ದುಭಾಷಿ ಬೇಕು.

ಅಲಾಸ್ಕದವರು ಇದಕ್ಕೆ ಒಂದು ದಾರಿ ಹುಡುಕಿದರು. 2003ರಲ್ಲಿ ತಮ್ಮ ಹಳ್ಳಿಗಳ ಯುವಕ ಯುವತಿಯರನ್ನೇ ನ್ಯೂಜಿಲೆಂಡಿಗೆ ಕಳಿಸಿ ದಂತ ಚಿಕಿತ್ಸಕರಾಗಿ ತರಬೇತಿ ಕೊಡಿಸಿದರು. ಪೂರ್ಣ ಪ್ರಮಾಣದ ವೈದ್ಯರಲ್ಲದಿದ್ದರೂ ಹುಳುಕು ತುಂಬುವುದು, ಹಲ್ಲು ಕೀಳುವುದು, ಶುಚಿ ಮಾಡುವುದು ಅವರಿಗೆ ಬರುತ್ತಿತ್ತು. ಅಮೆರಿಕದ ದಂತವೈದ್ಯರ ಸಂಘ 2006ರಲ್ಲಿ ಇದನ್ನು ಕೋರ್ಟಿಗೆ ಎಳೆಯಿತು, ಮರುವರ್ಷ ರಾಜಿಯಾಯಿತು. ಕೆಲಸ ನಿಲ್ಲಲಿಲ್ಲ. ಅಜ್ಜಿಯ ಬಾಯಿಯನ್ನು ಅಜ್ಜಿಯ ಭಾಷೆ ಬಲ್ಲವರೇ ನೋಡುವಂತಾಯಿತು.

ಬೆಟ್ಟದಲ್ಲಿ ಮತ್ತು ಬಯಲಲ್ಲಿ

ಇಂಥದ್ದೇ ಒಂದು ಕತೆ ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೆ. ಅಲ್ಲಿನ ಸೋಲಿಗರ ಊಟವೆಂದರೆ ಕಾಡಿನ ಗೆಡ್ಡೆಗೆಣಸು, ಸೊಪ್ಪು, ಜೇನು, ಕುಮ್ಮರಿಯಲ್ಲಿ ಬೆಳೆದ ರಾಗಿ. 1974ರಲ್ಲಿ ಕಾಡು ವನ್ಯಜೀವಿಧಾಮವಾದ ಮೇಲೆ ಬೇಟೆಯೂ ಕುಮ್ಮರಿ ಬೇಸಾಯವೂ ನಿಂತವು. ಪೋಡುಗಳಲ್ಲಿ ನೆಲೆನಿಂತವರ ಊಟಕ್ಕೆ ರೇಷನ್ ಅಕ್ಕಿ, ಅಂಗಡಿಯ ಸಾಮಾನು ಸೇರಿದವು. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಹೆಣ್ಣುಮಕ್ಕಳಿಗೇ ದಾದಿ ತರಬೇತಿ ಕೊಟ್ಟು ಪೋಡುಗಳಿಗೆ ಕಳಿಸಿತು. ಆ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಹೊರಗಿನ ಡಾಕ್ಟರಿಗೆ ಹೇಳದ ನೋವನ್ನು ಜನ ತಮ್ಮವರ ಮುಂದೆ ಹೇಳಿಕೊಳ್ಳುತ್ತಾರೆ ಎಂಬ ತಿಳಿವಳಿಕೆ ಅಲಾಸ್ಕದಲ್ಲಿ ಕೆಲಸ ಮಾಡುವ ಎಷ್ಟೋ ಮೊದಲೇ ನಮ್ಮ ಬೆಟ್ಟದಲ್ಲಿ ಕೆಲಸ ಮಾಡಿತ್ತು.

ನಾವು ಕಾಡಿನವರಲ್ಲ, ಮಂಜಿನ ನಾಡಿನವರೂ ಅಲ್ಲ, ನಮಗೇಕೆ ಇದು ಎನ್ನಬೇಡಿ. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಹುಟ್ಟಿದ ವಸತಿ. ಅದು ನೂರು ವರ್ಷ ದಾಟಿದರೂ ನಮ್ಮೂರು ರಾಗಿ ಬೆಳೆಯುವ ಊರಾಗಿಯೇ ಇತ್ತು. 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಬಂತು. 2007ರಲ್ಲಿ ಮಹದೇವಪುರ ಬೆಂಗಳೂರು ಮಹಾನಗರಕ್ಕೆ ಸೇರಿತು. 2023ರ ಮಾರ್ಚಿನಲ್ಲಿ ಕುಂದಲಹಳ್ಳಿ ಎಂಬ ಹೆಸರಿನ ಮೆಟ್ರೊ ನಿಲ್ದಾಣವೇ ತೆರೆಯಿತು. ಇನುಯಿಟರಿಗೆ ಆದಂತೆ ಇಲ್ಲೂ ಒಂದೇ ಆಯುಷ್ಯದೊಳಗೆ ಎರಡು ಲೋಕ.

ಊಟವೂ ಹಾಗೆಯೇ ಬದಲಾಯಿತು. ಮುದ್ದೆಯನ್ನು ಜಗಿಯಬಾರದು, ನುಂಗಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ನೀವೇ. ಹಾಗಾಗಿ ಹಲ್ಲಿಲ್ಲದವರ ಹೊಟ್ಟೆಯನ್ನು ಮುದ್ದೆ ಕಾಪಾಡುತ್ತದೆ. ಅದರ ಜೊತೆಗಿರಬೇಕಾದ ಕಾಳು, ಸೊಪ್ಪು, ಮಾಂಸ, ಸೌತೆಕಾಯಿ ಮಾತ್ರ ಒಂದೊಂದಾಗಿ ತಟ್ಟೆ ಬಿಡುತ್ತವೆ. ಕಾಳು ಹೋದರೆ ಮೈಗೆ ಕಸುವು ಕೊಡುವ ಪ್ರೋಟೀನು ಹೋದಂತೆ. ಖಾಲಿಯಾದ ಜಾಗಕ್ಕೆ ಟೀಯಲ್ಲಿ ಅದ್ದಿದ ಬನ್ನು, ಬಿಸ್ಕತ್ತು, ರಸ್ಕು ಬರುತ್ತವೆ. ಅವು ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ವಸಡಿನ ರೋಗ ಏರುತ್ತದೆ, ವಸಡಿನ ರೋಗ ಏರಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಇವೆರಡೂ ಒಂದಕ್ಕೊಂದು ಕೈ ಕೊಡುವ ಕಳ್ಳರು ಎಂದು ವೈದ್ಯರು ಈಗ ಒಪ್ಪುತ್ತಾರೆ.

ಕಡ್ಡಿ, ಪುಡಿ, ಹೊಗೆಸೊಪ್ಪು

ಹಾಗಾದರೆ ಹಿಂದಿನವರಿಗೆ ಹಲ್ಲಿನ ಕಾಳಜಿ ಇರಲಿಲ್ಲವೇ? ಚೆನ್ನಾಗಿಯೇ ಇತ್ತು. ಬೆಳಗೆದ್ದರೆ ಬೇವಿನ ಕಡ್ಡಿ, ಹೊಂಗೆ ಕಡ್ಡಿ. ತುದಿ ಜಗಿದು ಕುಂಚ ಮಾಡಿಕೊಂಡು ಉಜ್ಜುವುದು ಒಳ್ಳೆಯ ಅಭ್ಯಾಸವೇ. ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಶುರುಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಹಳೆ ಮೈಸೂರಿನ ಮನೆಮನೆಯ ಬಚ್ಚಲ ಗೂಡಿನಲ್ಲಿರುತ್ತಿತ್ತು. ಅದನ್ನು ಕೊಳ್ಳಲಾಗದವರು ಇದ್ದಿಲು, ಬೂದಿ, ಉಪ್ಪು, ಇಟ್ಟಿಗೆಪುಡಿ ಹಿಡಿದು ಬೆರಳಲ್ಲಿ ತಿಕ್ಕಿದರು. ತೊಂದರೆ ಇರುವುದು ಇಲ್ಲಿ. ಇದ್ದಿಲು, ಇಟ್ಟಿಗೆಪುಡಿ ಪಾತ್ರೆ ತಿಕ್ಕಿದಂತೆ ಹಲ್ಲಿನ ಹೊದಿಕೆಯನ್ನೂ ಸವೆಸುತ್ತವೆ. ಹಲ್ಲು ಬೆಳ್ಳಗಾಯಿತೆಂದು ಕಂಡರೂ ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಸಂಕೋಚ, ಹೇಳದೆ ಹೋದರೆ ತಪ್ಪಾದೀತು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ವಸಡಿಗೆ ತಿಕ್ಕುವ ನಶ್ಯ. ಹೊಲದ ಕೆಲಸದಲ್ಲಿ ಹಸಿವು ಮರೆಯಲು, ಹಲ್ಲುನೋವು ಮರೆಯಲು ಇವನ್ನು ಹಿಡಿದ ತಾಯಂದಿರು ಎಷ್ಟೋ ಮಂದಿ. ಹಲ್ಲುನೋವಿಗೆ ಡಾಕ್ಟರಿಲ್ಲದ ಕಾಲದಲ್ಲಿ ಹೊಗೆಸೊಪ್ಪೇ ಔಷಧವಾಗಿತ್ತು, ಆ ಔಷಧವೇ ಮುಂದೆ ಕಾಯಿಲೆಯಾಯಿತು. ತಂಬಾಕು ಬಾಯಿ ಕ್ಯಾನ್ಸರ್ ತರುತ್ತದೆ ಎಂಬುದು ಹಳೆಯ ಮಾತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು, ಸಂಚಿಯ ಹೊಗೆಸೊಪ್ಪನ್ನು ಕಾನೂನು ಮುಟ್ಟಲಿಲ್ಲ.

ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದಲೇ ಜನರ ಬಾಯಿ ಪರೀಕ್ಷಿಸಿದರು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು ಕಂಡವರನ್ನು ಆಸ್ಪತ್ರೆಗೆ ಕಳಿಸಿದರು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ದೊಡ್ಡ ಯಂತ್ರ ಬೇಕಾಗಲಿಲ್ಲ. ಬೇಕಾಗಿದ್ದು ಒಂದಿಷ್ಟು ಬೆಳಕು, ಮತ್ತು ಬಾಯಿ ತೆರೆದು ತೋರಿಸಿ ಎಂದು ಕೇಳುವ ಒಬ್ಬ ಮನುಷ್ಯ.

ಪಕ್ಕದಲ್ಲೇ ಇರುವ ದೂರ

ನುನಾವುಟಿನ ಅಜ್ಜಿಗೆ ದಂತವೈದ್ಯ ವಿಮಾನದಲ್ಲಿ ಬರಬೇಕು. ನಮ್ಮಜ್ಜಿಗೆ ಆ ತಾಪತ್ರಯವಿಲ್ಲ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳಲ್ಲೊಂದು, ವೈದೇಹಿ ಕಾಲೇಜು, ನಮ್ಮ ಬಗಲಲ್ಲೇ ಇದೆ. ಕೋಟೆಯ ಬಳಿ ಸರ್ಕಾರಿ ದಂತ ಕಾಲೇಜಿದೆ, ಮೆಟ್ರೊ ಹತ್ತಿದರೆ ಅದೂ ದೂರವಲ್ಲ. ರಸ್ತೆಯುದ್ದಕ್ಕೂ ಹಲ್ಲಿನ ಕ್ಲಿನಿಕ್ಕುಗಳು. ಆದರೂ ಅಜ್ಜಿ ಅಲ್ಲಿಗೆ ತಲುಪಲು ಹತ್ತು ವರ್ಷ ಬೇಕಾಯಿತು.

ಯಾಕೆಂದು ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲನೆಯದು ಹೆದರಿಕೆ. ಮೇಲಿನ ದವಡೆಯ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ, ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತುಗಳು. ಎರಡೂ ಸುಳ್ಳು. ಗಟ್ಟಿ ಪಾಚಿ ತೆಗೆದಾಗ ಅದರಡಿ ಮುಚ್ಚಿದ್ದ ಸಂದು ಕಾಣುತ್ತದೆಯೇ ಹೊರತು ಹಲ್ಲು ಸಡಿಲವಾಗುವುದಿಲ್ಲ. ಎರಡನೆಯದು ದುಡ್ಡು. ಹೊಲ ಮಾರಿದ ಮನೆಯವರೆಂದರೆ ಶ್ರೀಮಂತರು ಎಂದು ಊರು ತಿಳಿದಿದೆ. ಆ ದುಡ್ಡು ಕಟ್ಟಡವಾಗಿ, ಕಾರಾಗಿ, ಮೊಮ್ಮಕ್ಕಳ ಫೀಸಾಗಿ ಹೋಗಿರುತ್ತದೆ. ಅಜ್ಜಿಯ ಸೆರಗಿನ ಗಂಟಿನಲ್ಲಿರುವುದು ನೂರು ರೂಪಾಯಿ. ಮೂರನೆಯದು ಭಾಷೆ. ನಾವು ಹೋದ ಕಡೆ ಫಾರಂ ಇಂಗ್ಲಿಷಿನಲ್ಲಿತ್ತು, ಕೌಂಟರಿನವರಿಗೆ ಕನ್ನಡ ಬರುತ್ತಿರಲಿಲ್ಲ. ತಾನು ಹುಟ್ಟಿದ ಸೀಮೆಯಲ್ಲೇ ಅಜ್ಜಿಗೆ ದುಭಾಷಿ ಬೇಕಾಯಿತು. ಆ ದಿನ ದುಭಾಷಿಯಾದವಳು ನಾನೇ.

ಕಡೆಗೆ ಹಲ್ಲಿನ ಸೆಟ್ ಮಾಡಿಸಿದೆವು. ಮನೆಯವರೆಲ್ಲ ಕರ್ತವ್ಯ ಮುಗಿಯಿತೆಂದು ನಿಟ್ಟುಸಿರಿಟ್ಟೆವು. ಅಜ್ಜಿ ಅದನ್ನು ಮದುವೆ ಮನೆಗೆ, ಫೋಟೋಗೆ ಹಾಕಿಕೊಂಡರು. ಉಳಿದ ದಿನ ಅದು ಸ್ಟೀಲ್ ಡಬ್ಬಿಯಲ್ಲಿ ಬೀರುವಿನೊಳಗಿತ್ತು. ವಸಡಿಗೆ ಒತ್ತಿ ಹುಣ್ಣಾಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. "ಅಷ್ಟು ದುಡ್ಡು ಖರ್ಚು ಮಾಡಿದ್ದೀರಿ, ಹೆಂಗೆ ಹೇಳ್ಲಿ" ಎಂದರು. ಸೆಟ್ ಕೊಟ್ಟವರೂ ಮತ್ತೆ ಬಂದು ಸರಿಮಾಡಿಸಿಕೊಳ್ಳಿ ಎಂದು ಅವರಿಗೆ ಅರ್ಥವಾಗುವಂತೆ ಹೇಳಿರಲಿಲ್ಲ. ಹೊಸ ಸೆಟ್ ಎರಡು ಮೂರು ಸಲವಾದರೂ ಉಜ್ಜಿಸಿ ಕೂರಿಸಬೇಕು. ದವಡೆಯ ಎಲುಬು ಸವೆಯುತ್ತಲೇ ಇರುವುದರಿಂದ ಕೆಲವು ವರ್ಷಕ್ಕೊಮ್ಮೆ ಒಳಪದರ ಹಾಕಿಸಬೇಕು. ಇದು ನನಗೆ ಗೊತ್ತಾಗಿದ್ದು ಡಬ್ಬಿ ತೆರೆದ ದಿನ. ಇನ್ನೊಂದು ಕಡೆ ತೋರಿಸಿ ಸರಿಮಾಡಿಸಿದ ಮೇಲೆ ಅಜ್ಜಿ ಅದನ್ನು ಊಟಕ್ಕೂ ಹಾಕಿಕೊಳ್ಳಲು ಶುರುಮಾಡಿದ್ದಾರೆ. ಅವರೆಕಾಳು ತಿನ್ನುತ್ತಾರೆ. ಚಕ್ಕುಲಿ ಇನ್ನೂ ಆಗದು.

ಸರ್ಕಾರ ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. 2014-15ರಲ್ಲಿ ಕರ್ನಾಟಕ 'ದಂತಭಾಗ್ಯ' ಯೋಜನೆ ತಂದಿತು. ಬಿಪಿಎಲ್ ಕಾರ್ಡಿನ, ಅರವತ್ತು ದಾಟಿದ, ಹಲ್ಲು ಕಳೆದುಕೊಂಡವರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕೊಡುವುದು ಅದರ ಉದ್ದೇಶ. ಮುಂದೆ ವಯಸ್ಸಿನ ಮಿತಿಯನ್ನು 45ಕ್ಕೆ ಇಳಿಸಲಾಯಿತು. ಒಳ್ಳೆಯ ಯೋಜನೆ. ಆದರೆ ಹೊಲ ಮಾರಿದ ಮನೆಗೆ ಬಿಪಿಎಲ್ ಕಾರ್ಡು ಸಿಗದು, ಕೈಯಲ್ಲಿ ದುಡ್ಡಿಲ್ಲದ ಅಜ್ಜಿ ಅದರ ಲೆಕ್ಕಕ್ಕೆ ಬರುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತವನ್ನು ಎಪ್ಪತ್ತು ದಾಟಿದ ಎಲ್ಲರಿಗೂ ವಿಸ್ತರಿಸಿತು. ಅದು ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ, ಹಲ್ಲಿನ ಸೆಟ್‌ಗಲ್ಲ. ಶ್ರೀಮಂತ ಕೆನಡಾ ಕೂಡ ದೇಶದ ಹಿರಿಯರಿಗೆಂದು ಸಾರ್ವಜನಿಕ ದಂತ ಯೋಜನೆಯನ್ನು ಜಾರಿಗೆ ತಂದಿದ್ದು 2024ರ ಮೇ ತಿಂಗಳಲ್ಲಿ. ಬಾಯಿ ದೇಹದ ಭಾಗವೇ ಎಂದು ಸರ್ಕಾರಗಳಿಗೆ ಹೊಳೆಯಲು ಇಷ್ಟು ಕಾಲ ಬೇಕಾಗಿದೆ.

ಕೇಳಿಕೊಳ್ಳುವುದು ಇಷ್ಟೇ

ಹಿರಿಯರೇ, ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಬಾಯಲ್ಲಿ ನಾಲ್ಕೇ ಹಲ್ಲಿದ್ದರೂ ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಹಿಡಿದು ಎರಡು ಹೊತ್ತು ಉಜ್ಜಿ. ಕೋಲಾರದ ನೀರಿನಲ್ಲಿ ಹೆಚ್ಚಾದ ಫ್ಲೋರೈಡೇ ಪೇಸ್ಟಿನಲ್ಲಿ ಹಿತಮಿತವಾಗಿದ್ದರೆ ಹುಳುಕು ತಡೆಯುತ್ತದೆ, ಅದನ್ನು ನುಂಗದೆ ಉಗುಳಿದರಾಯಿತು. ಸೆಟ್ ಇದ್ದವರು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಿ. ಒತ್ತುತ್ತಿದ್ದರೆ ಬಾಯಿ ಬಿಟ್ಟು ಹೇಳಿ, ಡಬ್ಬಿಗೆ ಹಾಕಬೇಡಿ. ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಮಚ್ಚೆಯೋ ಇದ್ದರೆ ಆ ದಿನವೇ ತೋರಿಸಿ.

ಮನೆಯ ಕಿರಿಯರಿಗೂ ಒಂದು ಮಾತಿದೆ. ತಾತನ ಬಿ.ಪಿ. ಎಷ್ಟು, ಸಕ್ಕರೆ ಎಷ್ಟು ಎಂದು ನಮಗೆ ಗೊತ್ತಿರುತ್ತದೆ. ಅವರ ಬಾಯಲ್ಲಿ ಎಷ್ಟು ಹಲ್ಲಿವೆ, ಯಾವ ಕಡೆಯಿಂದ ಜಗಿಯುತ್ತಾರೆ, ತಟ್ಟೆಯ ಅಂಚಿಗೆ ಏನನ್ನು ಸರಿಸುತ್ತಾರೆ ಎಂದು ನೋಡಿದ್ದೇವೆಯೇ? ಅಜ್ಜಿ ಹತ್ತು ವರ್ಷ ನಮ್ಮೆಲ್ಲರ ಎದುರಿಗೇ ಕೂತು ಉಂಡರು. ಅದೊಂದು ಸಂಕ್ರಾಂತಿಯ ರಾತ್ರಿಯ ತನಕ ಆ ತಟ್ಟೆಯನ್ನು ನಾನೂ ನೋಡಿರಲಿಲ್ಲ.

ಮುಂದಿನ ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುವಾಗ ಹಿರಿಯರ ಕೈಗೆ ಹಾಕಿ ಕಾಲಿಗೆ ಬಿದ್ದು ಓಡಿಬಿಡಬೇಡಿ. ಒಂದು ಗಳಿಗೆ ಪಕ್ಕದಲ್ಲಿ ಕೂತು, ಆ ಕೊಬ್ಬರಿ ಚೂರನ್ನು ಅವರು ಜಗಿಯುತ್ತಾರೋ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೋ ನೋಡಿ. ಕಟ್ಟಿಕೊಂಡರೆ ಮರುದಿನ ಅವರನ್ನು ಕರೆದುಕೊಂಡು ಹೊರಡಿ.